ಯಂತ್ರ ಎಚ್ಚರಗೊಳ್ಳುವ ಬಗೆ

ಗಣಕಯಂತ್ರದ ಗುಂಡಿಯನ್ನು ಒತ್ತಿದ ಕ್ಷಣದಿಂದ ಪರದೆಯ ಮೇಲೆ ಮೊದಲ ಅಕ್ಷರ ಮೂಡುವವರೆಗೆ ಕೆಲವು ಸೆಕೆಂಡುಗಳು ಕಳೆಯುತ್ತವೆ. ಒಳಗೆ ಫ್ಯಾನು ತಿರುಗತೊಡಗುತ್ತದೆ. ಒಂದೆರಡು ದೀಪಗಳು ಮಿನುಗುತ್ತವೆ. ಕೆಲವು ಯಂತ್ರಗಳಲ್ಲಿ 'ಬೀಪ್' ಎಂಬ ಕಿರುದನಿಯೂ ಕೇಳಿಬರುತ್ತದೆ. ಎದುರು ಕುಳಿತು ಕಾಯುವವರಿಗೆ ಅದು ಬೇಸರದ ಹೊತ್ತು. ಯಂತ್ರದ ಪಾಲಿಗಾದರೋ ಅದು ಅತ್ಯಂತ ಇಕ್ಕಟ್ಟಿನ ಹೊತ್ತು. ಹಿಂದಿನ ದಿನ ಬರೆದ ಪತ್ರ, ಹಾಕಿದ ಲೆಕ್ಕ, ಬಿಡಿಸಿದ ಚಿತ್ರ ಎಲ್ಲವೂ ಡಿಸ್ಕಿನಲ್ಲಿ ಭದ್ರವಾಗಿರುತ್ತವೆ, ನಿಜ. ಆದರೆ ಡಿಸ್ಕು ಎಂಬುದೊಂದು ತನ್ನೊಳಗೆ ಇದೆಯೆಂಬುದೇ ಆಗ ಯಂತ್ರಕ್ಕೆ ತಿಳಿಯದು. ಕೀಲಿಮಣೆ, ಪರದೆ, ಸ್ಮೃತಿ ಯಾವುದರ ಪರಿಚಯವೂ ಅದಕ್ಕೆ ಇರುವುದಿಲ್ಲ. ಡಿಸ್ಕನ್ನು ಓದಬೇಕಾದರೆ ಓದುವ ವಿಧಾನವನ್ನು ಹೇಳಿಕೊಡುವ ಆದೇಶಗಳು ಬೇಕು. ಆ ಆದೇಶಗಳು ಇರುವುದೋ ಅದೇ ಡಿಸ್ಕಿನಲ್ಲಿ! ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಪೆಟ್ಟಿಗೆಗೆ ಬೀಗ ಹಾಕಿದ ಪರಿ ಇದು.

ಈ ಇಕ್ಕಟ್ಟಿನಿಂದ ಪಾರಾಗಲು ಯಂತ್ರವನ್ನು ಕಟ್ಟಿದವರು ಕಂಡುಕೊಂಡ ಉಪಾಯ ಸರಳವಾದುದು. ವಿದ್ಯುತ್ತು ಹೋದರೂ ಅಳಿಯದ ಒಂದು ಪುಟ್ಟ ಚಿಪ್ಪಿನಲ್ಲಿ ಆರಂಭದ ಆದೇಶಗಳನ್ನು ಬರೆದು, ಅದನ್ನು ಯಂತ್ರದ ಒಳಗೇ ಕೂರಿಸಿಬಿಡುವುದು. ವಿದ್ಯುತ್ತು ಬಂದೊಡನೆ ಸಂಸ್ಕಾರಕವು ಬೇರೇನನ್ನೂ ಯೋಚಿಸದೆ ಆ ಚಿಪ್ಪಿನ ಒಂದು ಗೊತ್ತಾದ ವಿಳಾಸಕ್ಕೆ ಹೋಗಿ ಅಲ್ಲಿರುವುದನ್ನು ಓದುವಂತೆ ಮಾಡುವುದು. ಇಂಟೆಲ್ ಕಂಪನಿಯ 8088 ಎಂಬ ಸಂಸ್ಕಾರಕಕ್ಕೆ ಒಟ್ಟು 10,48,576 ಬೈಟುಗಳ ವಿಳಾಸಗಳು ಲಭ್ಯವಿದ್ದುವು. ಎಚ್ಚರಗೊಂಡ ಕೂಡಲೇ ಅದು ಹೋಗುತ್ತಿದ್ದುದು ಕಟ್ಟಕಡೆಯ 16 ಬೈಟುಗಳ ಬಾಗಿಲಿಗೆ. ಹದಿನಾರು ಬೈಟುಗಳಲ್ಲಿ ಏನು ತಾನೇ ಹೇಳಲು ಸಾಧ್ಯ? ಅಲ್ಲಿ ಇರುತ್ತಿದ್ದುದು 'ಇಂಥ ಕಡೆಗೆ ಹೋಗು' ಎಂಬ ಒಂದೇ ಒಂದು ಆದೇಶ ಮತ್ತು ಆ ಬರವಣಿಗೆ ಸಿದ್ಧವಾದ ದಿನಾಂಕ. ಹಾಗೆ ಹೋದ ಕಡೆಯಲ್ಲಿ ಮುಂದಿನ ಪಾಠ ಕಾದಿರುತ್ತಿತ್ತು. ಈ ಆರಂಭದ ಪಾಠಕ್ಕೆ 'ಬೇಸಿಕ್ ಇನ್‌ಪುಟ್ ಔಟ್‌ಪುಟ್ ಸಿಸ್ಟಮ್', ಅಂದರೆ ಮೂಲ ಆದಾನ-ಪ್ರದಾನ ವ್ಯವಸ್ಥೆ ಎಂದು ಹೆಸರು. ಅದರ ಮೊದಲ ಅಕ್ಷರಗಳನ್ನು ಕೂಡಿಸಿ ಎಲ್ಲರೂ ಅದನ್ನು 'ಬಯೋಸ್' ಎಂದು ಕರೆಯುತ್ತಾರೆ. ಈ ಹೆಸರನ್ನು ಬಳಕೆಗೆ ತಂದವನು ಅಮೆರಿಕದ ಗ್ಯಾರಿ ಕಿಲ್ಡಾಲ್. ಆತನು 1970ರ ದಶಕದಲ್ಲಿ ಸಿ.ಪಿ./ಎಂ. ಎಂಬ ಕಾರ್ಯನಿರ್ವಾಹಕ ವ್ಯವಸ್ಥೆಯನ್ನು ರಚಿಸಿ, ಅದರಲ್ಲಿ ಒಂದೊಂದು ಯಂತ್ರಕ್ಕೂ ಬೇರೆಬೇರೆಯಾಗುವ ಭಾಗವನ್ನೆಲ್ಲ ಪ್ರತ್ಯೇಕವಾಗಿ ತೆಗೆದಿಟ್ಟು ಅದಕ್ಕೆ ಈ ಹೆಸರಿಟ್ಟನು.

ಬಯೋಸಿನ ಚಿಪ್ಪು ನೆಲೆಸಿರುವುದು ಮದರ್‌ಬೋರ್ಡ್ ಎಂಬ ಹಲಗೆಯ ಮೇಲೆ. ಗಣಕಯಂತ್ರದ ಪೆಟ್ಟಿಗೆಯನ್ನು ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಇದೇ. ಗಾಜಿನ ನಾರು ಮತ್ತು ರಾಳದಿಂದ ಮಾಡಿದ ತೆಳುವಾದ ಹಲಗೆ. ಅದರ ಮೇಲೆಯೂ ಒಳಪದರಗಳಲ್ಲಿಯೂ ಕೂದಲೆಳೆಯಂಥ ತಾಮ್ರದ ದಾರಿಗಳು. ಸಂಸ್ಕಾರಕ, ಸ್ಮೃತಿಪಟ್ಟಿ, ಡಿಸ್ಕು, ಕೀಲಿಮಣೆ ಇವೆಲ್ಲವೂ ತಮ್ಮತಮ್ಮೊಳಗೆ ಮಾತನಾಡುವುದು ಈ ದಾರಿಗಳ ಮೂಲಕವೇ. ಉಳಿದ ಸಣ್ಣ ಹಲಗೆಗಳೆಲ್ಲ ಇದನ್ನು ಆಶ್ರಯಿಸಿ ನಿಲ್ಲುವುದರಿಂದ ಇದಕ್ಕೆ ತಾಯಿಯ ಹೆಸರು ಬಂದಿದೆ.

ಇಂದು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳ ಸಾಲಿನಲ್ಲಿ ಒಂದು ಕಂಪನಿಯ ಮದರ್‌ಬೋರ್ಡನ್ನೂ ಇನ್ನೊಂದರ ಸಂಸ್ಕಾರಕವನ್ನೂ ಮತ್ತೊಂದರ ಸ್ಮೃತಿಪಟ್ಟಿಯನ್ನೂ ಕೊಂಡು, ಮನೆಗೆ ತಂದು, ಒಂದು ತಿರುಪುಳಿಯ ನೆರವಿನಿಂದ ಯಂತ್ರವನ್ನು ಕೂಡಿಸಿಕೊಳ್ಳುವುದು ಯಾರಿಗೂ ಸೋಜಿಗವೆನಿಸುವುದಿಲ್ಲ. ಬೇರೆಬೇರೆ ದೇಶಗಳಲ್ಲಿ, ಒಬ್ಬರನ್ನೊಬ್ಬರು ಕಂಡರಿಯದ ಜನ ಮಾಡಿದ ವಸ್ತುಗಳು ಒಂದು ಹಲಗೆಯ ಮೇಲೆ ಕಲೆತು ಕೆಲಸಮಾಡುತ್ತವೆ. ಇದು ತಾನಾಗಿ ಆದುದಲ್ಲ. ಒಂದು ಕಾಲದಲ್ಲಿ ಒಂದು ಕಂಪನಿಯ ಗಣಕದ ಬಿಡಿಭಾಗ ಇನ್ನೊಂದು ಕಂಪನಿಯ ಗಣಕಕ್ಕೆ ಹೊಂದುತ್ತಿರಲಿಲ್ಲ. ಆ ಬೇಲಿ ಮುರಿದುದು ಬಯೋಸಿನ ದೆಸೆಯಿಂದ. ಹೇಗೆಂಬುದು ಕೇಳತಕ್ಕ ಕಥೆ.

1981ರ ಆಗಸ್ಟ್ 12ರಂದು ಅಮೆರಿಕದ ಐ.ಬಿ.ಎಂ. ಕಂಪನಿಯು ತನ್ನ 'ಪರ್ಸನಲ್ ಕಂಪ್ಯೂಟರ್' ಯಂತ್ರವನ್ನು ಲೋಕದ ಮುಂದಿಟ್ಟಿತು. ಫ್ಲಾರಿಡಾ ರಾಜ್ಯದ ಬೋಕಾ ರಟೋನ್ ಎಂಬಲ್ಲಿ ಒಂದು ಸಣ್ಣ ತಂಡವು ಸುಮಾರು ಒಂದು ವರ್ಷದೊಳಗೆ ಅದನ್ನು ಸಿದ್ಧಪಡಿಸಿತ್ತು. ಅಷ್ಟು ಅವಸರದಲ್ಲಿ ಎಲ್ಲವನ್ನೂ ತಾವೇ ತಯಾರಿಸುವುದು ಆಗದ ಮಾತು. ಆದುದರಿಂದ ಸಂಸ್ಕಾರಕವನ್ನು ಇಂಟೆಲ್ ಕಂಪನಿಯಿಂದಲೂ ಕಾರ್ಯನಿರ್ವಾಹಕ ವ್ಯವಸ್ಥೆಯನ್ನು ಮೈಕ್ರೋಸಾಫ್ಟ್ ಕಂಪನಿಯಿಂದಲೂ ಪಡೆದರು. ಉಳಿದ ಬಹುಪಾಲು ಭಾಗಗಳು ಪೇಟೆಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದಂಥವು. ಐ.ಬಿ.ಎಂ. ತನ್ನದೇ ಎಂದು ಹೇಳಿಕೊಳ್ಳಬಹುದಾದ ಮುಖ್ಯ ವಸ್ತು ಎಂದರೆ ಬಯೋಸ್. ಅದರ ಗಾತ್ರ 8 ಕಿಲೋಬೈಟು. ಕನ್ನಡದಲ್ಲಿ ಬರೆದರೆ ಒಂದೆರಡು ಪುಟಗಳನ್ನು ತುಂಬಬಹುದಾದಷ್ಟು ಜಾಗ. ಮೊದಲ ಯಂತ್ರಗಳ ಬಯೋಸಿನಲ್ಲಿ ನಮೂದಾಗಿದ್ದ ದಿನಾಂಕ 1981ರ ಏಪ್ರಿಲ್ 24. ಅದನ್ನು ಬರೆದವರಲ್ಲಿ ಪ್ರಮುಖನಾದ ಡೇವಿಡ್ ಬ್ರಾಡ್ಲಿಯೇ, ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ ಯಂತ್ರವನ್ನು ಮತ್ತೆ ಆರಂಭಿಸುವ 'ಕಂಟ್ರೋಲ್-ಆಲ್ಟ್-ಡಿಲೀಟ್' ಎಂಬ ಉಪಾಯವನ್ನೂ ರೂಪಿಸಿದವನು.

ಐ.ಬಿ.ಎಂ. ಈ ಬಯೋಸನ್ನು ಗುಟ್ಟಾಗಿಡಲಿಲ್ಲ. ತಾಂತ್ರಿಕ ಕೈಪಿಡಿಯೊಂದರಲ್ಲಿ ಅದರ ಮೂಲ ಬರಹವನ್ನು ಆದಿಯಿಂದ ಅಂತ್ಯದವರೆಗೆ ಅಚ್ಚುಮಾಡಿ ಮಾರಿತು. ಮೇಲುನೋಟಕ್ಕೆ ಇದು ಔದಾರ್ಯವಾಗಿ ತೋರುತ್ತದೆ. ಬಿಡಿ ಹಲಗೆಗಳನ್ನು ತಯಾರಿಸುವವರಿಗೆ ಅದರಿಂದ ಅನುಕೂಲವಾದುದೂ ದಿಟ. ಆದರೆ ಅದರ ಬೆನ್ನಿಗೇ ಒಂದು ಬೇಲಿಯೂ ಇತ್ತು. ಆ ಬರಹದ ಹಕ್ಕು ಕಂಪನಿಯದಾಗಿತ್ತು. ಅದನ್ನು ಓದಿದವನು ಮುಂದೆ ತಾನೇ ಒಂದು ಬಯೋಸನ್ನು ಬರೆದರೆ 'ನೀನು ನಮ್ಮದನ್ನು ನೋಡಿ ಬರೆದೆ' ಎಂದು ಅವನನ್ನು ನ್ಯಾಯಾಲಯಕ್ಕೆ ಎಳೆಯಬಹುದಾಗಿತ್ತು. ನೇರವಾಗಿ ನಕಲು ಮಾಡಿದ ಕೆಲವರಿಗೆ ಆ ಗತಿಯೇ ಒದಗಿತು. 1984ರಲ್ಲಿ ಅವರು ರಾಜಿಗೆ ಒಪ್ಪಿ ತಮ್ಮ ಬಯೋಸನ್ನು ಬದಲಾಯಿಸಬೇಕಾಯಿತು.

ಹಾಗಾದರೆ ನಕಲು ಮಾಡದೆ ಅದೇ ಕೆಲಸವನ್ನು ಮಾಡುವ ಬಯೋಸನ್ನು ಬರೆಯುವುದೆಂತು? 1982ರಲ್ಲಿ ಟೆಕ್ಸಸ್ ರಾಜ್ಯದ ಹ್ಯೂಸ್ಟನ್ ನಗರದಲ್ಲಿ ರಾಡ್ ಕ್ಯಾನಿಯನ್, ಜಿಮ್ ಹ್ಯಾರಿಸ್ ಮತ್ತು ಬಿಲ್ ಮರ್ಟೊ ಎಂಬ ಮೂವರು ಸೇರಿ ಕಾಂಪ್ಯಾಕ್ ಎಂಬ ಕಂಪನಿಯನ್ನು ಕಟ್ಟಿದರು. ಅವರು ತಮ್ಮ ಕೆಲಸಗಾರರನ್ನು ಎರಡು ಪಂಗಡಗಳಾಗಿ ವಿಂಗಡಿಸಿದರು. ಮೊದಲ ಪಂಗಡವು ಐ.ಬಿ.ಎಂ. ಬಯೋಸನ್ನು ಓದಿ, ಅದು ಏನೇನು ಮಾಡುತ್ತದೆ, ಯಾವ ಪ್ರಶ್ನೆಗೆ ಯಾವ ಉತ್ತರ ಕೊಡುತ್ತದೆ ಎಂಬುದನ್ನು ಮಾತ್ರ ಬರೆದಿಟ್ಟಿತು. ಹೇಗೆ ಮಾಡುತ್ತದೆ ಎಂಬುದನ್ನು ಬರೆಯಲಿಲ್ಲ. ಐ.ಬಿ.ಎಂ. ಬರಹವನ್ನು ಕಣ್ಣಿನಿಂದಲೂ ನೋಡಿರದ ಎರಡನೆಯ ಪಂಗಡವು ಆ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಎಲ್ಲವನ್ನೂ ಹೊಸದಾಗಿ ರಚಿಸಿತು. ಊಟದ ರುಚಿಯ ವರ್ಣನೆಯನ್ನಷ್ಟೇ ಕೇಳಿ, ಅಡುಗೆಮನೆಗೆ ಇಣುಕದೆ, ಅದೇ ರುಚಿಯ ಅಡುಗೆಯನ್ನು ಮಾಡಿದಂಥ ಕೆಲಸವಿದು. ಬಹಳ ಹಣ ಹಿಡಿಯಿತು, ಶ್ರಮವೂ ಹಿಡಿಯಿತು. ಆದರೆ 1983ರಲ್ಲಿ ಮಾರುಕಟ್ಟೆಗೆ ಬಂದ ಅವರ ಯಂತ್ರವು ಐ.ಬಿ.ಎಂ. ಯಂತ್ರಕ್ಕಾಗಿ ಬರೆದ ಕ್ರಮವಿಧಿಗಳನ್ನು ತಡವರಿಸದೆ ನಡೆಸಿತು. ಆ ಒಂದೇ ವರ್ಷದಲ್ಲಿ ಸುಮಾರು 53,000 ಯಂತ್ರಗಳು ಮಾರಾಟವಾದುವು.

ಕಾಂಪ್ಯಾಕ್ ತನ್ನ ಬಯೋಸನ್ನು ತನ್ನಲ್ಲೇ ಉಳಿಸಿಕೊಂಡಿತು. ಅದನ್ನು ಊರಿಗೆಲ್ಲ ಹಂಚಿದ ಕೀರ್ತಿ ಫೀನಿಕ್ಸ್ ಕಂಪನಿಯದು. 1984ರಲ್ಲಿ ಅದು ಇದೇ ರೀತಿ ಎರಡು ಪಂಗಡಗಳ ಕ್ರಮದಲ್ಲಿ ಬಯೋಸನ್ನು ಬರೆಯಿಸಿ, ಬೆಲೆ ಕೊಟ್ಟವರಿಗೆಲ್ಲ ಕೊಡತೊಡಗಿತು. ಮರುವರ್ಷ ಭಾರತ ಮೂಲದ ಎಸ್. ಶಂಕರ್ ಅವರು ಜಾರ್ಜಿಯಾ ರಾಜ್ಯದಲ್ಲಿ ಅಮೆರಿಕನ್ ಮೆಗಾಟ್ರೆಂಡ್ಸ್ ಎಂಬ ಕಂಪನಿಯನ್ನು ಸ್ಥಾಪಿಸಿದರು. ಮುಂದೆ ಅದರ ಬಯೋಸ್ ಲೋಕದ ಅಸಂಖ್ಯ ಮದರ್‌ಬೋರ್ಡುಗಳಲ್ಲಿ ಮನೆಮಾಡಿತು. ಇನ್ನು ಬಯೋಸಿಗಾಗಿ ಯಾರೂ ಐ.ಬಿ.ಎಂ. ಬಾಗಿಲನ್ನು ತಟ್ಟಬೇಕಾಗಿರಲಿಲ್ಲ. ತೈವಾನಿನ ಸಣ್ಣ ಕಾರ್ಖಾನೆಗಳೂ ಮದರ್‌ಬೋರ್ಡುಗಳನ್ನು ತಯಾರಿಸಿ ದೇಶದೇಶಗಳಿಗೆ ಕಳುಹಿಸಿದುವು. 1995ರಲ್ಲಿ ಇಂಟೆಲ್ ಕಂಪನಿಯು 'ಎ.ಟಿ.ಎಕ್ಸ್.' ಎಂಬ ಅಳತೆಯನ್ನು ಗೊತ್ತುಮಾಡಿದ ಮೇಲೆ ಹಲಗೆಯ ಉದ್ದಗಲ, ತಿರುಪುಮೊಳೆಯ ತೂತುಗಳ ಸ್ಥಾನ ಕೂಡ ಒಂದೇ ಆದುವು. ಉದ್ದ 305 ಮಿಲಿಮೀಟರು, ಅಗಲ 244 ಮಿಲಿಮೀಟರು. ಅದಕ್ಕಿಂತ ಚಿಕ್ಕ ಹಲಗೆಗಳೂ ಇವೆ. ಅವು ಈ ತೂತುಗಳಲ್ಲಿ ಕೆಲವನ್ನು ಮಾತ್ರ ಬಳಸಿಕೊಳ್ಳುತ್ತವೆ.

ಇಂಥ ಹಲಗೆಯೊಂದನ್ನು ಪೆಟ್ಟಿಗೆಯೊಳಗೆ ಕೂರಿಸುವ ಕೆಲಸಕ್ಕೆ ಬಲಕ್ಕಿಂತ ತಾಳ್ಮೆ ಹೆಚ್ಚು ಬೇಕು. ಮೊದಲನೆಯ ಶತ್ರು ಕಣ್ಣಿಗೆ ಕಾಣದ್ದು. ಅದು ಮೈಮೇಲಿನ ಸ್ಥಾಯೀವಿದ್ಯುತ್ತು. ಒಣಹವೆಯ ದಿನಗಳಲ್ಲಿ ನೈಲಾನ್ ಬಟ್ಟೆಯನ್ನು ಕಳಚುವಾಗ ಚಟಚಟ ಸದ್ದಾಗುವುದು ಇದರಿಂದಲೇ. ಈ ವಿದ್ಯುತ್ತು ಸುಮಾರು 3000 ವೋಲ್ಟನ್ನು ಮುಟ್ಟುವವರೆಗೆ ಬೆರಳಿಗೆ ಅದರ ಚುರುಕು ತಿಳಿಯುವುದಿಲ್ಲ. ಚಿಪ್ಪುಗಳಲ್ಲಿ ಕೆಲವು ಅದರ ಹತ್ತನೆಯ ಒಂದು ಪಾಲಿಗೇ ಸುಟ್ಟುಹೋಗುತ್ತವೆ. ಅಂದರೆ ಕೈಗೆ ಏನೂ ತಿಳಿಯದೆಯೇ ಚಿಪ್ಪು ಕೆಟ್ಟಿರಬಹುದು; ಕೆಟ್ಟುದು ಆ ದಿನವೇ ಗೊತ್ತಾಗದೆ ತಿಂಗಳುಗಳ ಮೇಲೆ ಯಂತ್ರ ಆಗಾಗ ನಿಂತುಹೋಗುವ ರೂಪದಲ್ಲಿ ತೋರಿಕೊಳ್ಳಲೂಬಹುದು. ಆದುದರಿಂದ ಅನುಭವಿಗಳು ಹಲಗೆಯನ್ನು ಮುಟ್ಟುವ ಮೊದಲು ಪೆಟ್ಟಿಗೆಯ ಬಣ್ಣವಿಲ್ಲದ ಲೋಹಭಾಗವನ್ನು ಮುಟ್ಟುತ್ತಾರೆ, ಇಲ್ಲವೆ ನೆಲಸಂಪರ್ಕವುಳ್ಳ ಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟಿಕೊಳ್ಳುತ್ತಾರೆ. ಹಲಗೆಯನ್ನು ಹಿಡಿಯುವುದು ಅಂಚುಗಳಲ್ಲಿ ಮಾತ್ರ.

ಸಂಸ್ಕಾರಕವನ್ನು ಕೂರಿಸುವ ಹೊತ್ತಿನಲ್ಲಿ ಕೈ ನಡುಗದವರು ವಿರಳ. ಎ.ಎಂ.ಡಿ. ಕಂಪನಿಯ 'ಎ.ಎಂ.4' ಮಾದರಿಯ ಸಂಸ್ಕಾರಕದ ಅಡಿಯಲ್ಲಿ 1331 ಸೂಜಿಗಳಿರುತ್ತವೆ. ಇಂಟೆಲ್ ಕಂಪನಿಯ 'ಎಲ್.ಜಿ.ಎ. 1700' ಮಾದರಿಯಲ್ಲಿ ಸೂಜಿಗಳು ಸಂಸ್ಕಾರಕದಲ್ಲಿರದೆ ಹಲಗೆಯ ಮೇಲಿನ ಪೀಠದಲ್ಲಿರುತ್ತವೆ. ಹೆಸರೇ ಹೇಳುವಂತೆ ಅವುಗಳ ಸಂಖ್ಯೆ 1700. ಪ್ರತಿಯೊಂದೂ ಬಾಗಿದ ಒಂದು ಸಣ್ಣ ಸ್ಪ್ರಿಂಗು. ಇವುಗಳಲ್ಲಿ ಒಂದು ಡೊಂಕಾದರೂ ಒಂದು ಸ್ಮೃತಿಪಟ್ಟಿ ಕಾಣದೆ ಹೋಗಬಹುದು, ಅಥವಾ ಯಂತ್ರ ಏಳದೆಯೇ ಇರಬಹುದು. ಹೀಗೆ ಡೊಂಕಾದ ಹಲಗೆಯನ್ನು ಅಂಗಡಿಯವರು ಸಾಮಾನ್ಯವಾಗಿ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಸಂಸ್ಕಾರಕದ ಒಂದು ಮೂಲೆಯಲ್ಲಿ ಪುಟ್ಟ ತ್ರಿಕೋನದ ಗುರುತಿರುತ್ತದೆ. ಪೀಠದ ಗುರುತಿಗೆ ಅದನ್ನು ಹೊಂದಿಸಿ, ನೇರವಾಗಿ ಮೇಲಿನಿಂದ ಇಳಿಸಿ, ಬಿಟ್ಟುಬಿಡಬೇಕು. ಅದು ತನ್ನ ಭಾರದಿಂದಲೇ ಕೂರುತ್ತದೆ; ಒತ್ತುವ ಪ್ರಸಂಗ ಬಂದಿತೆಂದರೆ ಎಲ್ಲೋ ತಪ್ಪಾಗಿದೆಯೆಂದೇ ಅರ್ಥ. ಅನಂತರ ಪಕ್ಕದ ಸನ್ನೆಯನ್ನು ಇಳಿಸಿ ಬಿಗಿಮಾಡಬೇಕು. ಇಂಟೆಲ್ ಪೀಠಗಳಲ್ಲಿ ಈ ಸನ್ನೆ ಇಳಿಯುವಾಗ ಕಿರ್ರೆಂದು ಸದ್ದಾಗುವುದುಂಟು, ಬಲವೂ ತುಸು ಬೇಕಾಗುತ್ತದೆ. ಹೊಸಬರು ಹೆದರಿ ಅರ್ಧಕ್ಕೆ ನಿಲ್ಲಿಸುವುದು ಇಲ್ಲಿಯೇ. ಸಂಸ್ಕಾರಕ ಸರಿಯಾಗಿ ಕುಳಿತಿದ್ದರೆ ಆ ಸದ್ದಿಗೆ ಅಂಜಬೇಕಾದುದಿಲ್ಲ.

ಸಂಸ್ಕಾರಕವು ಕೆಲಸಮಾಡುವಾಗ ಬಿಸಿಯಾಗುತ್ತದೆ. ಅದರ ಮೇಲೆ ಲೋಹದ ರೆಕ್ಕೆಗಳುಳ್ಳ ಶೀತಕವನ್ನೂ ಫ್ಯಾನನ್ನೂ ಕೂರಿಸುವುದು ಅದಕ್ಕಾಗಿಯೇ. ಎರಡು ಲೋಹಗಳು ನುಣುಪಾಗಿ ಕಂಡರೂ ಅವುಗಳ ನಡುವೆ ಗಾಳಿಯ ಸಣ್ಣ ಸಣ್ಣ ಎಡೆಗಳು ಉಳಿಯುತ್ತವೆ. ಗಾಳಿಯು ಶಾಖವನ್ನು ಸುಲಭವಾಗಿ ದಾಟಿಸುವುದಿಲ್ಲ. ಆ ಎಡೆಗಳನ್ನು ತುಂಬಲು ಬಟಾಣಿ ಕಾಳಿನಷ್ಟು ಲೇಪವನ್ನು ಹಚ್ಚಿದರೆ ಸಾಕು. ಹೆಚ್ಚು ಹಚ್ಚಿದರೆ ಹೆಚ್ಚು ತಂಪೆಂದು ತಿಳಿದು ದೋಸೆಗೆ ಬೆಣ್ಣೆ ಸವರಿದಂತೆ ಸವರುವವರೂ ಇದ್ದಾರೆ. ಅದರಿಂದ ಹೆಚ್ಚಿನ ಲಾಭವಿಲ್ಲ. ಅಂಚಿನಿಂದ ಒಸರಿದ ಲೇಪವನ್ನು ಒರೆಸುವ ಕೆಲಸವೊಂದು ಹೆಚ್ಚುತ್ತದೆ, ಅಷ್ಟೆ. ಫ್ಯಾನಿನ ತಂತಿಯನ್ನು ಹಲಗೆಯಲ್ಲಿ ಅದಕ್ಕೆಂದೇ ಇರುವ ಮುಳ್ಳುಗಳಿಗೆ ಸಿಕ್ಕಿಸುವುದನ್ನು ಮರೆಯಬಾರದು.

ಸ್ಮೃತಿಪಟ್ಟಿಯ ಕೆಳಅಂಚಿನಲ್ಲಿ ನಟ್ಟನಡುವೆಯಲ್ಲದೆ ತುಸು ಓರೆಯಾಗಿ ಒಂದು ಕಚ್ಚು ಇರುವುದರಿಂದ ಅದನ್ನು ಹಿಂದುಮುಂದಾಗಿ ಹಾಕುವುದು ಸಾಧ್ಯವಿಲ್ಲ. ಇಲ್ಲಿ ಮಾತ್ರ ಹೆಬ್ಬೆರಳಿನ ಬಲ ಬೇಕು. ಬದಿಯ ಕೊಂಡಿ 'ಟಕ್' ಎಂದು ಕಚ್ಚಿಕೊಳ್ಳುವವರೆಗೆ ಒತ್ತಬೇಕು. ನಾಲ್ಕು ತೋಡುಗಳಿದ್ದು ಪಟ್ಟಿಗಳು ಎರಡೇ ಇದ್ದರೆ, ಬಹುತೇಕ ಹಲಗೆಗಳಲ್ಲಿ ಸಂಸ್ಕಾರಕದಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ತೋಡುಗಳಲ್ಲಿ ಅವನ್ನು ಇಡುತ್ತಾರೆ.

ಇಷ್ಟಾದ ಬಳಿಕ ಹಲಗೆಯನ್ನು ಪೆಟ್ಟಿಗೆಗೆ ಇಳಿಸಬೇಕು. ಪೆಟ್ಟಿಗೆಯ ಗೋಡೆ ಲೋಹದ್ದು. ಹಲಗೆಯ ಹಿಂಬದಿಯಲ್ಲಿ ನೂರಾರು ಬೆಸುಗೆಯ ಮೊನೆಗಳಿವೆ. ಅವು ಲೋಹಕ್ಕೆ ತಗುಲಿದರೆ ವಿದ್ಯುತ್ತು ಅಡ್ಡದಾರಿ ಹಿಡಿದು ಹಲಗೆ ಸುಡಬಹುದು. ಇದನ್ನು ತಪ್ಪಿಸಲು ಗೋಡೆಗೆ ಹಿತ್ತಾಳೆಯ ಸಣ್ಣ ಕಾಲುಗಳನ್ನು ತಿರುಚಿ, ಅವುಗಳ ಮೇಲೆ ಹಲಗೆಯನ್ನು ಎತ್ತಿ ಕೂರಿಸುತ್ತಾರೆ. ತೂತು ಇರುವ ಕಡೆಗೆಲ್ಲ ಕಾಲು ಇರಬೇಕು. ತೂತಿಲ್ಲದ ಕಡೆ ಕಾಲು ಇರಲೇಬಾರದು. ಈ ಎರಡನೆಯ ಮಾತನ್ನು ಮರೆಯುವವರೇ ಹೆಚ್ಚು. ಹಿಂದಿನ ಹಲಗೆಗಾಗಿ ಹಾಕಿದ ಕಾಲೊಂದು ಹೊಸ ಹಲಗೆಯ ಅಡಿಯಲ್ಲಿ ಉಳಿದುಬಿಟ್ಟರೆ, ಅದು ಯಾವ ಬೆಸುಗೆಯನ್ನು ಮುಟ್ಟುತ್ತದೆಂದು ಹೇಳಲಾಗದು. ಆದುದರಿಂದ ಬುದ್ಧಿವಂತರು ಹಲಗೆಯನ್ನು ಪೆಟ್ಟಿಗೆಗೆ ಇಳಿಸುವ ಮುನ್ನವೇ, ಅದು ಬಂದ ರಟ್ಟಿನ ಡಬ್ಬದ ಮೇಲಿಟ್ಟು ಒಮ್ಮೆ ಚಾಲನೆ ಕೊಟ್ಟು ನೋಡುತ್ತಾರೆ. ಅಲ್ಲಿ ನಡೆದ ಹಲಗೆ ಪೆಟ್ಟಿಗೆಯೊಳಗೆ ನಡೆಯದಿದ್ದರೆ ದೋಷವು ಪೆಟ್ಟಿಗೆಯಲ್ಲಿ ಎಂಬುದು ಆಗಲೇ ನಿಶ್ಚಯವಾಗುತ್ತದೆ.

ವಿದ್ಯುತ್ತಿನ ತಂತಿಗಳಲ್ಲಿ ಮುಖ್ಯವಾದುವು ಎರಡು. ಇಪ್ಪತ್ತನಾಲ್ಕು ಮುಳ್ಳುಗಳ ದೊಡ್ಡ ಕೊಂಡಿ ಯಾರ ಕಣ್ಣಿಗೂ ತಪ್ಪುವುದಿಲ್ಲ. ಸಂಸ್ಕಾರಕಕ್ಕೆ ಪ್ರತ್ಯೇಕವಾಗಿ ವಿದ್ಯುತ್ತನ್ನು ಒದಗಿಸುವ ಎಂಟು ಮುಳ್ಳುಗಳ ಕೊಂಡಿ ಮಾತ್ರ ಹಲಗೆಯ ಮೇಲ್ತುದಿಯ ಮೂಲೆಯಲ್ಲಿ ಅಡಗಿರುತ್ತದೆ. ಅದನ್ನು ಮರೆತರೆ ಫ್ಯಾನುಗಳು ತಿರುಗುತ್ತವೆ, ದೀಪಗಳು ಬೆಳಗುತ್ತವೆ, ಪರದೆಯಲ್ಲಿ ಏನೂ ಮೂಡುವುದಿಲ್ಲ. ಮುಂಬದಿಯ ಗುಂಡಿ ಮತ್ತು ದೀಪಗಳಿಗೆ ಹೋಗುವ ಸಣ್ಣ ತಂತಿಗಳನ್ನು ಕೈಪಿಡಿಯ ಚಿತ್ರವನ್ನು ನೋಡಿಯೇ ಸಿಕ್ಕಿಸಬೇಕು. ಗುಂಡಿಯ ತಂತಿ ಅದಲುಬದಲಾದರೆ ಬಾಧಕವಿಲ್ಲ. ದೀಪದ ತಂತಿ ಅದಲುಬದಲಾದರೆ ದೀಪ ಉರಿಯುವುದಿಲ್ಲ.

ಗುಂಡಿಯನ್ನು ಒತ್ತಿದಾಗ ಬಯೋಸ್ ಮೊದಲು ಮಾಡುವುದು ಪರೀಕ್ಷೆ. ಸಂಸ್ಕಾರಕ ಸರಿಯಿದೆಯೆ, ಸ್ಮೃತಿ ಉತ್ತರ ಕೊಡುತ್ತಿದೆಯೆ, ಚಿತ್ರ ತೋರಿಸುವ ಭಾಗ ಇದೆಯೆ ಎಂದು ಒಂದೊಂದನ್ನೇ ಹಾಜರಿ ಕರೆದಂತೆ ವಿಚಾರಿಸುತ್ತದೆ. ಚಿತ್ರದ ಭಾಗವೇ ಇನ್ನೂ ಎಚ್ಚರಗೊಂಡಿರದಾಗ ದೋಷವನ್ನು ಪರದೆಯ ಮೇಲೆ ಬರೆದು ತೋರಿಸುವುದು ಹೇಗೆ? ಅದಕ್ಕಾಗಿ ಬಯೋಸ್ ಸದ್ದಿನ ಭಾಷೆಯನ್ನು ಬಳಸುತ್ತದೆ. 1981ರ ಐ.ಬಿ.ಎಂ. ಯಂತ್ರದಲ್ಲಿ ಒಂದು ಕಿರಿದಾದ ಬೀಪ್ ಎಂದರೆ ಎಲ್ಲವೂ ಕ್ಷೇಮ ಎಂದರ್ಥ. ಬೀಪುಗಳ ಸಂಖ್ಯೆ, ಉದ್ದಗಳ ಅರ್ಥ ಒಂದೊಂದು ಕಂಪನಿಯ ಬಯೋಸಿನಲ್ಲಿ ಒಂದೊಂದು ಬಗೆ. ಈಚಿನ ಹಲಗೆಗಳಲ್ಲಿ ಬೀಪಿನ ಬದಲು, ದೋಷವಿರುವ ಭಾಗದ ಹೆಸರಿನ ಪಕ್ಕದಲ್ಲಿ ಸಣ್ಣ ದೀಪವೊಂದು ಉರಿಯುವ ಏರ್ಪಾಡೂ ಉಂಟು. ಡಿ.ಡಿ.ಆರ್.5 ಎಂಬ ಹೊಸ ಬಗೆಯ ಸ್ಮೃತಿಪಟ್ಟಿಗಳಿದ್ದರೆ ಮೊದಲ ಸಲ ಅವುಗಳ ವೇಗವನ್ನು ಅಳೆದು ಹೊಂದಿಸಿಕೊಳ್ಳಲು ಹಲಗೆಯು ಕೆಲವು ನಿಮಿಷಗಳನ್ನೇ ತೆಗೆದುಕೊಳ್ಳಬಹುದು. ಪರದೆ ಕಪ್ಪಾಗಿಯೇ ಇರುವುದನ್ನು ಕಂಡು ಗಾಬರಿಯಿಂದ ವಿದ್ಯುತ್ತನ್ನು ನಿಲ್ಲಿಸಿದರೆ ಅದು ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ಪರೀಕ್ಷೆ ಮುಗಿಯುವಷ್ಟರಲ್ಲಿ ಡಿಲೀಟ್ ಅಥವಾ ಎಫ್2 ಕೀಲಿಯನ್ನು ಒತ್ತುತ್ತಿದ್ದರೆ ಬಯೋಸಿನ ಹೊಂದಾಣಿಕೆಯ ಪುಟ ತೆರೆದುಕೊಳ್ಳುತ್ತದೆ. ಇಂಥ ಪುಟ ಮೊದಲಿನಿಂದಲೂ ಇದ್ದುದಲ್ಲ. ಐ.ಬಿ.ಎಂ. ಮೊದಲ ಯಂತ್ರದಲ್ಲಿ ಎಷ್ಟು ಸ್ಮೃತಿ ಇದೆ, ಎಷ್ಟು ಡಿಸ್ಕುಗಳಿವೆ ಎಂಬುದನ್ನು ತಿಳಿಸಲು ಹಲಗೆಯ ಮೇಲಿದ್ದ ಅಕ್ಕಿಕಾಳಿನಂಥ ಸ್ವಿಚ್ಚುಗಳನ್ನು ಪೆನ್ನಿನ ಮೊನೆಯಿಂದ ಅತ್ತಿತ್ತ ಸರಿಸಬೇಕಾಗಿತ್ತು. 1984ರಲ್ಲಿ ಬಂದ 'ಎ.ಟಿ.' ಮಾದರಿಯಲ್ಲಿ ಒಂದು ಗಡಿಯಾರದ ಚಿಪ್ಪನ್ನು ಅಳವಡಿಸಿದರು. ಅದರಲ್ಲಿದ್ದುದು 64 ಬೈಟುಗಳ ಸ್ಮೃತಿ. 14 ಬೈಟು ಗಡಿಯಾರಕ್ಕೆ, 50 ಬೈಟು ಹೊಂದಾಣಿಕೆಗಳಿಗೆ. ಯಂತ್ರ ಮಲಗಿದ್ದಾಗ ಈ ಚಿಪ್ಪಿಗೆ ಉಸಿರು ಕೊಡಲು ಒಂದು ಬ್ಯಾಟರಿ. ಈಗಿನ ಹಲಗೆಗಳಲ್ಲಿ ಕಾಣುವ ನಾಣ್ಯದಂಥ 3 ವೋಲ್ಟಿನ 'ಸಿ.ಆರ್. 2032' ಬ್ಯಾಟರಿ ಆ ವಂಶದ್ದೇ. ಈಗೀಗ ಹೊಂದಾಣಿಕೆಗಳನ್ನು ಬಹುಮಟ್ಟಿಗೆ ಬಯೋಸಿನ ಚಿಪ್ಪಿನಲ್ಲಿಯೇ ಬರೆದಿಡುತ್ತಾರೆ. ಗಡಿಯಾರಕ್ಕಂತೂ ಬ್ಯಾಟರಿ ಬೇಕೇ ಬೇಕು.

ಹೊಂದಾಣಿಕೆಗಳಲ್ಲಿ ಮೊದಲು ನೋಡತಕ್ಕದ್ದು ದಿನಾಂಕ ಮತ್ತು ಸಮಯ. ಇದು ಅಲಂಕಾರಕ್ಕೆ ಇರುವ ವಿವರವೆಂದು ಹಲವರು ತಿಳಿಯುತ್ತಾರೆ. ಬ್ಯಾಟರಿ ಸವೆದ ಯಂತ್ರವೊಂದು ತಾನಿರುವುದು ಹತ್ತು ವರ್ಷ ಹಿಂದೆ ಎಂದು ಭಾವಿಸಿಕೊಂಡರೆ, ಬ್ಯಾಂಕಿನ ಜಾಲತಾಣ ಒಪ್ಪಿಸುವ ಗುರುತಿನ ಪತ್ರ ಅದರ ಲೆಕ್ಕದಲ್ಲಿ ಇನ್ನೂ ಹುಟ್ಟಿಯೇ ಇಲ್ಲ. ಆಗ ಅದು ಆ ತಾಣವನ್ನು ನಂಬಲು ನಿರಾಕರಿಸುತ್ತದೆ. ದುರಸ್ತಿಗೆ ನೂರಾರು ರೂಪಾಯಿ ಸುರಿಯುವವರಿಗೆ ನಾಣ್ಯದ ಬ್ಯಾಟರಿಯೇ ಮದ್ದೆಂಬುದು ಹೊಳೆಯುವುದಿಲ್ಲ.

ಎರಡನೆಯದು ಆರಂಭದ ಸರದಿ: ಕಾರ್ಯನಿರ್ವಾಹಕ ವ್ಯವಸ್ಥೆಯನ್ನು ಮೊದಲು ಎಲ್ಲಿ ಹುಡುಕಬೇಕು, ಡಿಸ್ಕಿನಲ್ಲೋ ಯು.ಎಸ್.ಬಿ. ಕಡ್ಡಿಯಲ್ಲೋ ಎಂಬುದು. ಹೊಸ ವ್ಯವಸ್ಥೆಯನ್ನು ತುಂಬುವ ದಿನ ಕಡ್ಡಿಗೆ ಮೊದಲ ಸ್ಥಾನ ಕೊಟ್ಟು, ಕೆಲಸ ಮುಗಿದ ಮೇಲೆ ಡಿಸ್ಕಿಗೆ ಹಿಂದಿರುಗಿಸುವುದು ವಾಡಿಕೆ. ಡಿಸ್ಕನ್ನು ಓದುವ ಬಗೆಯನ್ನು ನಿರ್ಧರಿಸುವ ಇನ್ನೊಂದು ಹೊಂದಾಣಿಕೆ ಇದೆ. ಅದನ್ನು ವ್ಯವಸ್ಥೆ ತುಂಬುವ ಮೊದಲು ಆರಿಸಬೇಕು. ತುಂಬಿದ ಮೇಲೆ ಕುತೂಹಲದಿಂದ ಬದಲಾಯಿಸಿದರೆ ನಿನ್ನೆಯವರೆಗೆ ಚೆನ್ನಾಗಿದ್ದ ಯಂತ್ರ ಇಂದು ಏಳದೆ ಹೋಗಬಹುದು. ಹಾಗಾದಾಗ ಡಿಸ್ಕು ಕೆಟ್ಟಿತೆಂದು ಅದರಲ್ಲಿದ್ದುದನ್ನೆಲ್ಲ ಅಳಿಸಿ ಮತ್ತೆ ತುಂಬಿದವರುಂಟು. ಹೊಂದಾಣಿಕೆಯನ್ನು ಹಿಂದಿನಂತೆ ಮಾಡಿದ್ದರೆ ಸಾಕಾಗಿತ್ತು. ಎಲ್ಲ ಬರಹವೂ ಉಳಿಯುತ್ತಿತ್ತು.

ಸ್ಮೃತಿಪಟ್ಟಿಯ ಹೊದಿಕೆಯ ಮೇಲೆ 3200 ಎಂದು ಅಚ್ಚಾಗಿದ್ದರೂ ಹಲಗೆಯು ಅದನ್ನು ಸಾಮಾನ್ಯವಾಗಿ ಅದಕ್ಕಿಂತ ನಿಧಾನದ ವೇಗದಲ್ಲಿಯೇ ಎಬ್ಬಿಸುತ್ತದೆ. ಬಯೋಸಿನ ಪುಟದಲ್ಲಿ ಪಟ್ಟಿಯ ಪೂರ್ಣ ವೇಗವನ್ನು ಆರಿಸಿದರೆ ಮಾತ್ರ ಕೊಟ್ಟ ಹಣಕ್ಕೆ ತಕ್ಕ ವೇಗ ದೊರೆಯುತ್ತದೆ. ಇದನ್ನು ತಿಳಿಯದೆ ವರ್ಷಗಟ್ಟಲೆ ನಿಧಾನವಾಗಿಯೇ ನಡೆಸುವವರು ಹಲವರು. ಸಂಸ್ಕಾರಕದ ವೇಗವನ್ನೂ ವೋಲ್ಟನ್ನೂ ಹೆಚ್ಚಿಸುವ ಹೊಂದಾಣಿಕೆಗಳು ಅಲ್ಲಿಯೇ ಪಕ್ಕದಲ್ಲಿರುತ್ತವೆ. ಅರಿಯದವರು ಅವುಗಳ ಗೊಡವೆಗೆ ಹೋಗದಿರುವುದು ಲೇಸು. ಏನೇ ಬದಲಾವಣೆ ಮಾಡಿದರೂ ಒಂದು ಸಲಕ್ಕೆ ಒಂದನ್ನು ಮಾಡಿ, ಹಿಂದಿನ ಬೆಲೆಯನ್ನು ಕಾಗದದಲ್ಲಿ ಬರೆದಿಟ್ಟುಕೊಂಡರೆ ತಪ್ಪು ಎಲ್ಲಿ ಆಯಿತೆಂದು ಹುಡುಕುವುದು ಸುಲಭ. ತೀರ ಕಂಗೆಟ್ಟಾಗ ವಿದ್ಯುತ್ ಕಿತ್ತು, ಕೈಪಿಡಿಯಲ್ಲಿ ತೋರಿಸಿದ ಎರಡು ಮುಳ್ಳುಗಳನ್ನು ಕ್ಷಣಕಾಲ ಜೋಡಿಸಿದರೆ ಎಲ್ಲ ಹೊಂದಾಣಿಕೆಗಳೂ ಕಾರ್ಖಾನೆಯ ಸ್ಥಿತಿಗೆ ಮರಳುತ್ತವೆ.

ಇಂದಿನ ಹಲಗೆಗಳಲ್ಲಿರುವುದು ಹಳೆಯ ಬಯೋಸ್ ಅಲ್ಲ, 'ಯು.ಇ.ಎಫ್.ಐ.' ಎಂಬ ಅದರ ಉತ್ತರಾಧಿಕಾರಿ. ಹಳೆಯ ಪದ್ಧತಿಯಲ್ಲಿ ಡಿಸ್ಕಿನ ಭಾಗಗಳ ಲೆಕ್ಕವಿಡುವ ಕೋಷ್ಟಕವು ಸುಮಾರು 2.2 ಲಕ್ಷ ಕೋಟಿ ಬೈಟುಗಳಿಗಿಂತ ಆಚೆಗೆ ಎಣಿಸಲಾರದಾಗಿತ್ತು. ಡಿಸ್ಕುಗಳು ಆ ಎಲ್ಲೆಯನ್ನು ಮೀರಿ ಬೆಳೆದುವು. ಹೊಸ ಪದ್ಧತಿ ಆ ಎಲ್ಲೆಯನ್ನು ಕಳೆಯಿತು. ಆರಂಭದಲ್ಲಿ ನಡೆಯುವ ಕ್ರಮವಿಧಿಯ ಸಹಿಯನ್ನು ಪರಿಶೀಲಿಸಿ, ಅಪರಿಚಿತವಾದುದನ್ನು ತಡೆಯುವ ಕಾವಲನ್ನೂ ಒದಗಿಸಿತು. 2021ರಲ್ಲಿ ಬಂದ ವಿಂಡೋಸ್ 11 ಈ ಕಾವಲಿಗೆ ಶಕ್ತವಾದ ಯಂತ್ರವನ್ನೇ ಕೇಳುತ್ತದೆ. ಹೆಸರು ಬದಲಾದರೂ ಜನರ ಬಾಯಲ್ಲಿ ಅದು ಬಯೋಸಾಗಿಯೇ ಉಳಿದಿದೆ.

ಕಾವಲು ಏಕೆ ಬೇಕೆಂಬುದನ್ನು 1999ರ ಏಪ್ರಿಲ್ 26ರ ಘಟನೆ ತಿಳಿಸುತ್ತದೆ. ಆರಂಭದ ಬಯೋಸುಗಳನ್ನು ಚಿಪ್ಪಿನಲ್ಲಿ ಒಮ್ಮೆ ಬರೆದರೆ ತಿದ್ದಲು ಬರುತ್ತಿರಲಿಲ್ಲ. ದೋಷ ಕಂಡರೆ ಚಿಪ್ಪನ್ನೇ ಬದಲಾಯಿಸಬೇಕಿತ್ತು. 1990ರ ದಶಕದಲ್ಲಿ ಅಳಿಸಿ ಬರೆಯಬಲ್ಲ ಚಿಪ್ಪುಗಳು ಬಂದುವು. ಅನುಕೂಲದ ಜೊತೆಗೆ ಅಪಾಯವೂ ಒಳಗೆ ಬಂದಿತು. ತೈವಾನಿನ ವಿದ್ಯಾರ್ಥಿಯೊಬ್ಬನು 1998ರಲ್ಲಿ ರಚಿಸಿದ 'ಸಿ.ಐ.ಎಚ್.' ಎಂಬ ವೈರಸ್ಸು ವಿಂಡೋಸ್ 95 ಮತ್ತು 98 ಇದ್ದ ಯಂತ್ರಗಳಲ್ಲಿ ಸದ್ದಿಲ್ಲದೆ ಹರಡಿ, ಮರುವರ್ಷ ಆ ದಿನಕ್ಕಾಗಿ ಕಾದಿತ್ತು. ಚೆರ್ನೋಬಿಲ್ ಅಣುಸ್ಥಾವರದ ದುರಂತ ನಡೆದುದೂ ಅದೇ ತಾರೀಖಿನಂದು. ಆದುದರಿಂದ ಪತ್ರಿಕೆಗಳು ಈ ವೈರಸ್ಸನ್ನು ಆ ಹೆಸರಿನಿಂದಲೇ ಕರೆದುವು. ಅದು ಡಿಸ್ಕಿನ ಆರಂಭದ ಭಾಗವನ್ನು ಅಳಿಸಿತು. ಸಾಧ್ಯವಾದ ಹಲಗೆಗಳಲ್ಲಿ ಬಯೋಸಿನ ಮೇಲೆಯೂ ಕಸವನ್ನು ಬರೆಯಿತು. ಅಂಥ ಯಂತ್ರಗಳ ಗುಂಡಿಯನ್ನು ಒತ್ತಿದರೆ ಸಂಸ್ಕಾರಕವು ವಾಡಿಕೆಯಂತೆ ಗೊತ್ತಾದ ವಿಳಾಸಕ್ಕೆ ಹೋಗುತ್ತಿತ್ತು. ಅಲ್ಲಿ ಅರ್ಥವುಳ್ಳ ಆದೇಶವೇ ಇರುತ್ತಿರಲಿಲ್ಲ. ಒಂದು ತಿರುಪುಮೊಳೆಯೂ ಸಡಿಲವಾಗದ, ಒಂದು ತಂತಿಯೂ ಸುಡದ ಹಲಗೆಗಳು ಹೀಗೆ ಮೂಕವಾದುವು.

ಹೊಸ ಸಂಸ್ಕಾರಕವನ್ನು ಗುರುತಿಸಲೆಂದೋ ದೋಷವನ್ನು ತಿದ್ದಲೆಂದೋ ಬಯೋಸನ್ನು ಮತ್ತೆ ಬರೆಯಬೇಕಾದ ಪ್ರಸಂಗ ಈಗಲೂ ಬರುತ್ತದೆ. ಹಲಗೆಯನ್ನು ತಯಾರಿಸಿದ ಕಂಪನಿಯ ತಾಣದಿಂದ, ಅದೇ ಮಾದರಿಗೆಂದು ಹೇಳಿದ ಕಡತವನ್ನೇ ತರಬೇಕು. ಒಂದು ಅಕ್ಷರದಷ್ಟು ಬೇರೆಯಾದ ಮಾದರಿಯದನ್ನು ತಂದರೂ ಆಗದು. ಬರೆಯುವ ಎರಡು ಮೂರು ನಿಮಿಷಗಳಲ್ಲಿ ವಿದ್ಯುತ್ತು ಹೋದರೆ ಹಳೆಯದು ಅಳಿದಿರುತ್ತದೆ, ಹೊಸದು ಪೂರ್ತಿಯಾಗಿರುವುದಿಲ್ಲ. ಮಳೆಗಾಲದ ಸಂಜೆ ಯಾವಾಗ ದೀಪ ಆರುವುದೋ ತಿಳಿಯದ ಊರುಗಳಲ್ಲಿ ಯು.ಪಿ.ಎಸ್. ಇಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು. ಕೆಲವು ಹಲಗೆಗಳಲ್ಲಿ ಇಂಥ ಸಮಯಕ್ಕೆಂದು ಬಯೋಸಿನ ಎರಡು ಚಿಪ್ಪುಗಳನ್ನು ಇಟ್ಟಿರುತ್ತಾರೆ. ಇನ್ನು ಕೆಲವುಗಳ ಹಿಂಬದಿಯಲ್ಲಿ ಒಂದು ಪುಟ್ಟ ಗುಂಡಿಯಿರುತ್ತದೆ. ಕಡತವುಳ್ಳ ಕಡ್ಡಿಯನ್ನು ಸಿಕ್ಕಿಸಿ ಅದನ್ನು ಒತ್ತಿ ಹಿಡಿದರೆ, ಸಂಸ್ಕಾರಕವಾಗಲಿ ಸ್ಮೃತಿಯಾಗಲಿ ಇಲ್ಲದ ಬರಿಯ ಹಲಗೆಯೂ ತನ್ನ ಆರಂಭದ ಪಾಠವನ್ನು ತಾನೇ ಮತ್ತೆ ಬರೆದುಕೊಳ್ಳುತ್ತದೆ. ಗುಂಡಿಯ ಬಳಿಯ ದೀಪ ಮಿನುಗುತ್ತಿರುತ್ತದೆ. ಅದು ನಿಲ್ಲುವವರೆಗೆ ಏನನ್ನೂ ಮುಟ್ಟದೆ ಕಾಯಬೇಕು.